ಮಡುವಿನ ತಳದ ಚಿನ್ನದ ನಾಣ್ಯ

ಹಿಂದೆ ಒಂದು ಕಾಡಿನ ನಡುವೆ ಹೊಳೆಯೊಂದು ಹರಿಯುತ್ತಿತ್ತು, ಮಕ್ಕಳೇ. ಹೊಳೆ ತಿರುಗುವ ಕಡೆ ಆಳವಾದ ಮಡು. ಅದರ ದಡದ ಬಿಲದಲ್ಲಿ ಮಾಳವ್ವ ಎಂಬ ನೀರುನಾಯಿ ತನ್ನ ಮರಿಗಳೊಂದಿಗೆ ಇದ್ದಳು.

ಮಡುವಿನ ತಳದ ಬಂಡೆಯ ಮೇಲೆ ಒಂದು ಚಿನ್ನದ ನಾಣ್ಯವಿತ್ತು. ಯಾವ ಕಾಲದ್ದೋ, ಯಾರ ದೋಣಿಯಿಂದ ಬಿದ್ದದ್ದೋ. ಮೇಲಿದ್ದ ಆನೆಯ ಚಿತ್ರ ಸವೆದು ಸೊಂಡಿಲಷ್ಟೇ ಉಳಿದಿತ್ತು. ಆದರೆ ಹೊಳಪು ಮಾತ್ರ ಕುಂದಿರಲಿಲ್ಲ. ಮಾಳವ್ವ ಮರಿಯಾಗಿದ್ದಾಗ ಅವಳ ಅಜ್ಜಿ ಅದನ್ನು ತೋರಿಸಿ, “ಆ ಬೆಳಕು ನೋಡ್ಕೊಂಡು ಇಳಿ, ಅದನ್ನೇ ಬೆನ್ನಿಗಿಟ್ಟುಕೊಂಡು ಮೇಲೆ ಬಾ” ಎನ್ನುತ್ತಿದ್ದಳು. ಹಾಗೆ ಮುಳುಗಿ ಮುಳುಗಿಯೇ ಅವಳು ಈಜು ಕಲಿತದ್ದು. ಮೊದಲ ಸಲ ನಾಣ್ಯ ಮುಟ್ಟಿ ಬಂದ ದಿನ ಅಜ್ಜಿ ತನ್ನ ಪಾಲಿನ ಮೀನನ್ನೂ ಅವಳಿಗೇ ಕೊಟ್ಟಿದ್ದಳು. ಆ ರುಚಿ ಮಾಳವ್ವನಿಗೆ ಇನ್ನೂ ನೆನಪಿತ್ತು.

ಒಂದು ದಿನ ಪರಿಮಳಯ್ಯ ಎಂಬ ಪುನುಗುಬೆಕ್ಕು ಬಂದ. ಮೈಯೆಲ್ಲ ಘಮಘಮ, ಮಾತೂ ಹಾಗೆಯೇ.

“ಅಕ್ಕಾ, ಚಿನ್ನದ ಬೆಲೆ ಏರ್ತಾ ಇದೆ. ನೀವು ನೋಡಿದ್ರೆ ಸವೆದುಹೋದ ನಾಣ್ಯ ನೀರಲ್ಲಿ ಹಾಕಿಟ್ಟಿದ್ದೀರಿ” ಎಂದ. ಎರಡು ಹೊಸ ನಾಣ್ಯ ತೆಗೆದು ಬಿಸಿಲಿಗೆ ಹಿಡಿದ. ಎರಡರ ಮೇಲೂ ಸಿಂಹದ ಅಚ್ಚು ಎದ್ದು ಕಾಣುತ್ತಿತ್ತು. “ಅಪ್ಪಟ ಚಿನ್ನ. ಮಕ್ಕಳ ಮುಂದಿನ ದಿನಕ್ಕಾಗುತ್ತೆ. ಒಂದಕ್ಕೆ ಎರಡು ಕೊಡ್ತೀನಿ.”

“ಸವೆದದ್ದು ನಿನಗ್ಯಾಕಣ್ಣ?”

“ಹಳೇ ನಾಣ್ಯ ಕೂಡಿಡೋರು ಬೆಟ್ಟದಾಚೆ ಇದ್ದಾರೆ, ಅವರಿಗೆ ಹುಚ್ಚು. ನನಗೇನೂ ಲಾಭ ಇಲ್ಲ. ನಾಳೆ ಬಂದ್ರೆ ಈ ಲೆಕ್ಕ ಇರಲ್ಲ, ನೋಡಿ.”

ದಡದಲ್ಲಿ ಬಿಸಿಲು ಕಾಯಿಸುತ್ತಿದ್ದ ಆಮೆ ಕೆಂಚಜ್ಜ ಕತ್ತು ಚಾಚಿದ. “ಅವನ ನಾಣ್ಯ ಒಂದು ಹದಿನೈದು ದಿನ ನೀರಲ್ಲಿರಲಿ ಮಗಳೇ. ಆಮೇಲೆ ಮಾತಾಡು.”

“ಅಷ್ಟು ದಿನ ಈ ಅಣ್ಣ ಕಾಯ್ತಾನಾ ಅಜ್ಜ?” ಎಂದಳು ಮಾಳವ್ವ. ಅವಳ ಕಣ್ಣು ಆಗಲೇ ಸಿಂಹದ ಮೇಲೆ ನೆಟ್ಟಿತ್ತು. ಅವಳು ಮುಳುಗಿ ಅಜ್ಜಿಯ ನಾಣ್ಯ ತಂದುಕೊಟ್ಟಳು. ಪರಿಮಳಯ್ಯ ಅದನ್ನು ಬಾಯಲ್ಲಿ ಕಚ್ಚಿಕೊಂಡು ಬೆಟ್ಟ ಹತ್ತಿದ.

ಹೊಸ ನಾಣ್ಯಗಳನ್ನು ಅದೇ ಬಂಡೆಯ ಮೇಲಿಟ್ಟಳು. ಮೊದಮೊದಲು ಜೋಡಿ ದೀಪದ ಹಾಗೆ ಹೊಳೆದವು. ಆಮೇಲೆ ಮಂಕಾದವು. ಮಳೆಗಾಲ ಬರುವಷ್ಟರಲ್ಲಿ ಕಪ್ಪಾಗಿ, ಹಸಿರು ಕಿಲುಬು ಹಿಡಿದು, ಬಂಡೆಗೂ ಅವಕ್ಕೂ ವ್ಯತ್ಯಾಸವೇ ತಿಳಿಯದಂತಾಯಿತು. ಅವು ಚಿನ್ನದ ನೀರು ಹಾಕಿದ ತಾಮ್ರ.

ಒಂದು ಬೆಳಿಗ್ಗೆ ಚಿಗುರ ಎಂಬ ಕಿರಿಯ ಮರಿ ಬೆಳಕು ಹುಡುಕುತ್ತ ಮುಳುಗಿದವನು ಮೇಲೆ ಬರಲಿಲ್ಲ. ಮಾಳವ್ವ ಧುಮುಕಿದಳು. ಮರಿ ದಿಕ್ಕು ತಪ್ಪಿ ನೀರಿನೊಳಗಿನ ಬೇರುಗಳಲ್ಲಿ ಸಿಕ್ಕಿಕೊಂಡಿತ್ತು. ಹಲ್ಲಿನಿಂದ ಬೇರು ಕಡಿದು ಅವನನ್ನು ದಡಕ್ಕೆ ತಂದಳು. ಚಿಗುರ ನೀರು ಕಕ್ಕಿ, ಕೆಮ್ಮಿ, ಕಣ್ಣು ಬಿಟ್ಟ.

“ಅಲ್ಲಿ ಏನೂ ಕಾಣ್ಲಿಲ್ಲಮ್ಮ” ಎಂದ.

ಮಾಳವ್ವ ಬೆಟ್ಟದಾಚೆಗೂ ಹೋಗಿ ವಿಚಾರಿಸಿದಳು. ನಾಣ್ಯ ಯಾರದೋ ಪೆಟ್ಟಿಗೆ ಸೇರಿ ಬೀಗ ಬಿದ್ದಿತ್ತು. ಪರಿಮಳಯ್ಯನ ಸುಳಿವಿರಲಿಲ್ಲ. ಬರಿಗೈಯಲ್ಲಿ ಮರಳಿದವಳ ಮುಂದೆ ಕೆಂಚಜ್ಜ ಆಡಿ ತೋರಿಸಲಿಲ್ಲ. “ನಿಮ್ಮಜ್ಜಿ ಇಳೀತಿದ್ದ ದಾರಿ ನಿನಗೆ ಗೊತ್ತಲ್ಲ” ಎಂದನಷ್ಟೆ.

ಅಂದಿನಿಂದ ಮಾಳವ್ವ ಒಂದೊಂದೇ ಮರಿಯನ್ನು ಪಕ್ಕಕ್ಕೆ ಅವಚಿಕೊಂಡು ತಾನೇ ಕತ್ತಲ ಮಡುವಿಗೆ ಇಳಿಯತೊಡಗಿದಳು. ಕಲಿಸುವುದು ನಿಧಾನವಾಯಿತು, ಮೈ ನೋಯುತ್ತಿತ್ತು. ದಡಕ್ಕೆ ಬಂದಾಗ ಚಿಗುರ ಕೇಳುತ್ತಿದ್ದ, “ನಿಮ್ಮಜ್ಜಿ ನಾಣ್ಯ ತುಂಬಾ ಹೊಳೀತಿತ್ತಾ ಅಮ್ಮ?”

“ಹೊಳೀತಿತ್ತು ಕಣಪ್ಪ” ಎನ್ನುತ್ತಿದ್ದಳು ಮಾಳವ್ವ. “ನಮ್ಮಜ್ಜಿ ಮುಖಾನೂ ಆ ಬೆಳಕಲ್ಲಿ ಕಾಣೋದು.”

ನೀತಿ: ನಮ್ಮ ಮನೆಯ ವಸ್ತುವಿನ ಬೆಲೆಯನ್ನು, ಅದನ್ನು ಕೊಳ್ಳಲು ಬಂದವನ ಬಾಯಿಂದ ತಿಳಿಯಬಾರದು.