ಕೋಡಿಯ ಮೇಲಿನ ಮೂಟೆಗಳು

"ಗುರುಗಳೇ, ಬಾರದೇ ಹೋದ ಆಪತ್ತಿನಿಂದ ಊರನ್ನು ಕಾಪಾಡಿದೆ ಎಂದು ಹೇಳಿಕೊಳ್ಳುವುದು ಹೇಗೆ?" ಎಂದು ದೊಡ್ಡೀರಪ್ಪ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ. ಈಗ ತನ್ನೂರಿನ ಪಂಚಾಯಿತಿ ಅಧ್ಯಕ್ಷ. ಮಳೆಗಾಲಕ್ಕೆ ಮೊದಲು ಹಳ್ಳದ ದಡದಲ್ಲಿದ್ದ ಒಂಬತ್ತು ಮನೆಯವರನ್ನು ಬೇಡಿ, ಕಾಡಿ, ಎತ್ತರದ ಜಾಗಕ್ಕೆ ಸಾಗಿಸಿದ್ದ. ಆ ವರ್ಷ ಹಳ್ಳ ಹರಿಯಲೇ ಇಲ್ಲ. ಈಗ ಅವರೆಲ್ಲ ದಡಕ್ಕೇ ವಾಪಸು ಹೋಗುತ್ತೇವೆ ಎಂದು ಹಟ ಹಿಡಿದಿದ್ದಾರೆ. ನಾಳೆ ಗ್ರಾಮಸಭೆ. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಅವನಿಗೆ ತಿಳಿಯದು.

"ತಲೆ ಕೆಟ್ಟುಹೋಗಿದೆ ಗುರುಗಳೇ," ಎಂದ.

"ಕೆಡಲಿ ಬಿಡು. ಕೆಡುವುದಕ್ಕೆ ತಲೆ ಅಂತ ಒಂದು ಇದೆಯಲ್ಲ, ಸಂತೋಷ. ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆ ಏರಿಯ ಕೆಳಗೆ ಕೂಲಿಯವರ ಕೇರಿ, ನಲವತ್ತು ಮನೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗಬೇಕು, ಕೋಡಿ ಇರುವುದೇ ಅದಕ್ಕೆ. ಆದರೆ ಹರಿದುಹೋಗುವ ನೀರು ಕಂಡರೆ ರೈತರಿಗೆ ಹೊಟ್ಟೆ ಉರಿ. ಪ್ರತಿ ವರ್ಷ ಕೋಡಿಯ ಮೇಲೆ ಮಣ್ಣಿನ ಮೂಟೆ ಪೇರಿಸಿ ಒಂದು ಮೊಳ ನೀರನ್ನು ಹೆಚ್ಚಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ಆ ಒಂದು ಮೊಳದಲ್ಲಿ ಎರಡನೇ ಬೆಳೆ ಬರುತ್ತಿತ್ತು.

ಆ ಊರಿಗೆ ಒಬ್ಬ ಹೊಸ ಅಧ್ಯಕ್ಷನಾದ. ಕೆರೆ ತುಂಬಿದ್ದಾಗ ಏರಿಯ ಮೇಲೆ ನಡೆದು ನೋಡಿದ. ಏರಿಯ ಹಿಂಬದಿಯಲ್ಲಿ, ಕೇರಿಯ ನೆತ್ತಿಯ ಮೇಲೆಯೇ, ನೀರು ಒಸರುತ್ತಿತ್ತು. ಅವನು ಕೂಡಲೇ ಸಭೆ ಕರೆದು, ಮೂಟೆ ತೆಗೆಯಿರಿ ಎಂದ.

ಒಬ್ಬ ರೈತ ಎದ್ದು ನಿಂತ. "ನಮ್ಮಪ್ಪನೂ ಮೂಟೆ ಇಟ್ಟ, ನಮ್ಮಜ್ಜನೂ ಇಟ್ಟ. ಏರಿ ಒಡೆದದ್ದು ಉಂಟೇನಪ್ಪ?"

"ಇಲ್ಲ."

"ಈ ವರ್ಷ ಒಡೆಯುತ್ತೆ ಅಂತ ಬರೆದುಕೊಡ್ತೀಯಾ?"

"ಅದು ಹೇಗೆ ಬರೆದುಕೊಡಲಿ? ಒಸರುತ್ತಿದೆ, ನನಗೆ ಭಯವಾಗಿದೆ. ನನಗೆ ಗೊತ್ತಿರುವುದು ಇಷ್ಟೇ."

ಸಭೆ ಗೊಳ್ಳೆಂದು ನಕ್ಕಿತು. ಯಾರೂ ಏಳಲಿಲ್ಲ. ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿಯನ್ನು ಕರೆದುಕೊಂಡು ಅಧ್ಯಕ್ಷ ತಾನೇ ಹೋಗಿ ಮೂಟೆ ಕಿತ್ತುಹಾಕಿದ. ಮೂರು ದಿನ ನೀರು ಹರಿದುಹೋಯಿತು. ಒಸರುವ ಜಾಗಕ್ಕೆ ಜೇಡಿಮಣ್ಣು ತುಂಬಿಸಿ ಗಟ್ಟಿಮಾಡಿಸಿದ. ಆಮೇಲೆ ಮುಗಿಲು ನೋಡುತ್ತ ಕೂತ.

ಚಿತ್ತೆ ಮಳೆ ಕೈಕೊಟ್ಟಿತು. ಸ್ವಾತಿ ಮಳೆಯೂ ಕೈಕೊಟ್ಟಿತು. ಎರಡನೇ ಬೆಳೆ ತೆನೆ ಒಡೆಯುವ ಹೊತ್ತಿಗೆ ಕೆರೆಯಲ್ಲಿ ನೀರಿಲ್ಲ. ಬೆಳೆ ಒಣಗಿತು. ರೈತರು ಬೈದರು, ಬಿಡು, ಅದು ಇದ್ದದ್ದೇ. ಏರಿಯ ಕೆಳಗಿನ ಕೇರಿಯವರೂ ಬೈದರಲ್ಲಯ್ಯ! ಕೊಯ್ಲಿಲ್ಲದೆ ಅವರಿಗೆ ಕೂಲಿ ಎಲ್ಲಿಂದ ಬರಬೇಕು? ಒಬ್ಬ ಹೆಂಗಸು ಅಧ್ಯಕ್ಷನ ಬಾಗಿಲಿಗೇ ಬಂದಳು. "ನಮ್ಮ ಜೀವ ಉಳಿಸಿದೆ ಅಂತೀಯಲ್ಲಣ್ಣ, ಉಳಿದ ಜೀವಕ್ಕೆ ಹಾಕೋಕೆ ಹಿಟ್ಟೆಲ್ಲಿದೆ?" ಎಂದಳು. ಅವನು ಮನೆಯಲ್ಲಿದ್ದ ರಾಗಿಯನ್ನು ಕೇರಿಗೆ ಕಳಿಸಿದ. ಅದು ಎಷ್ಟು ಮನೆಗೆ ಸಾಲುತ್ತದೆ?

ಅವನಿಗೂ ಗೊಂದಲ ಹಿಡಿಯಿತು, ನಿನ್ನ ಹಾಗೆಯೇ. ಏರಿಯೇನೋ ನಿಂತಿದೆ. ಮೂಟೆ ತೆಗೆದದ್ದರಿಂದ ನಿಂತಿತೋ, ತೆಗೆಯದಿದ್ದರೂ ನಿಲ್ಲುತ್ತಿತ್ತೋ? ಏರಿಯನ್ನು ಕೇಳಿದರೆ ಅದು ಹೇಳುತ್ತದೆಯೇ?

ಮುಂದಿನ ಚುನಾವಣೆಯಲ್ಲಿ ಜನ ಅವನನ್ನು ಇಳಿಸಿ, ಸಭೆಯಲ್ಲಿ ಎದ್ದು ನಿಂತಿದ್ದ ಆ ರೈತನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಮೂಟೆಗಳು ಮತ್ತೆ ಕೋಡಿ ಏರಿದವು.

ದೊಡ್ಡೀರಪ್ಪ ಮುಂದಕ್ಕೆ ಸರಿದ. "ಆಗ ಏರಿ ಒಡೆಯಿತೇ ಗುರುಗಳೇ?"

"ಎಲ್ಲಿ ಒಡೆಯಿತು? ಜೋರು ಮಳೆ ಬಂತು, ಏರಿ ನಿಂತಿತು, ಎರಡು ಬೆಳೆಯೂ ಬಂದವು. ಹಳಬ ತುಂಬಿಸಿದ ಜೇಡಿಮಣ್ಣಿನಿಂದ ನಿಂತಿತು ಎನ್ನುವವರು ಒಬ್ಬಿಬ್ಬರು. ದೇವರು ದೊಡ್ಡವನು ಎನ್ನುವವರು ಉಳಿದವರೆಲ್ಲ. ಆ ಹಳಬ ಈಗಲೂ ಮಳೆ ಹಿಡಿದರೆ ಛತ್ರಿ ತೆಗೆದುಕೊಂಡು ಏರಿಗೆ ಹೋಗುತ್ತಾನೆ, ಒಸರು ಹುಡುಕುತ್ತಾನೆ. ಜನ ನಗುತ್ತಾರೆ. ಕತೆ ಮುಗಿಯಿತು."

ದೊಡ್ಡೀರಪ್ಪನಿಗೆ ತಡೆಯಲಾಗಲಿಲ್ಲ. "ಛೆ! ಇದೆಂಥ ಕತೆ ಗುರುಗಳೇ? ಅವನು ಮಾಡಿದ್ದು ಸರಿಯೋ ತಪ್ಪೋ, ಹಾಗೇ ಉಳಿದುಬಿಟ್ಟಿತಲ್ಲ. ಒಂದು ಸಲ ಆ ಏರಿ ಒಡೆದಿದ್ದರೆ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು!"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಕೇರಿಯಲ್ಲಿ ಎಷ್ಟು ಜನ ಸತ್ತಿದ್ದರೆ ನಿನಗೆ ಸಮಾಧಾನವಾಗುತ್ತಿತ್ತು, ಹೇಳಪ್ಪ."