ರಾಶಿಯ ಹೊತ್ತಿನ ಮೌನ

"ಗುರುಗಳೇ, ಕೇಳಿದಾಗ ಯಾರೂ ಬೇಡ ಎನ್ನದಿದ್ದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಹುದೇ?"

ಕೇಳಿದವನು ಶಿಷ್ಯ ಈರಭದ್ರ. ಬೇಸಾಯದ ರೀತಿಯನ್ನೇ ಬದಲಿಸುವ ಒಂದು ಯೋಜನೆಗೆ ಜನರ ಅಭಿಪ್ರಾಯ ತಿಳಿಯಲು ಅವನು ಮೂರು ತಿಂಗಳು ಹಳ್ಳಿ ಸುತ್ತಿ ಬಂದಿದ್ದ. ಇನ್ನೂರು ಮನೆಗಳಲ್ಲಿ ನಲವತ್ತು ಮನೆಯವರು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಆ ನಲವತ್ತು ಮನೆಗಳನ್ನು ಯಾವ ಕಡೆ ಸೇರಿಸಿದರೆ ಆ ಕಡೆಗೆ ತೀರ್ಮಾನವಾಗುತ್ತಿತ್ತು. ವರದಿಯನ್ನು ಮಾರನೆಯ ದಿನ ಒಪ್ಪಿಸಬೇಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವಿದ್ವಾಂಸ ಒಂದು ಊರಿಗೆ ಹೊರಟ. ಆ ಊರಿನ ಗೋಮಾಳ ಮಳೆಗೆ ಮಣ್ಣು ಕೊಚ್ಚಿ ಕೊಚ್ಚಿ ಅಲ್ಲಲ್ಲಿ ಬೋಳಾಗಿತ್ತು. ಅದಕ್ಕೆ ಬೇಲಿ ಹಾಕಿ, ಏಳು ವರ್ಷ ದನ ಕುರಿ ಬಿಡದೆ, ಕಾಡು ಬೆಳೆಸಬೇಕೆಂದು ಆಳುವವರ ಇಚ್ಛೆ. ಊರು ಒಪ್ಪಿದರೆ ಮಾತ್ರ ಎಂದು ಅವರು ಹೇಳಿದ್ದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯವರೇ. ವಿದ್ವಾಂಸನೂ ಒಳ್ಳೆಯವನೇ. ಕೆಟ್ಟವನಾಗಿದ್ದರೆ ಊರಿನವರು ಎಚ್ಚರವಾಗಿರುತ್ತಿದ್ದರು.

ಸುಗ್ಗಿಯಲ್ಲಾದರೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ಅವನು ಆ ಹೊತ್ತಿಗೇ ಹೋದ. ಊರಿಗೆ ಊರೇ ಕಣದಲ್ಲಿತ್ತು. ಜೋಳ ತೂರಿ ರಾಶಿ ಮಾಡಿ, ಅಳೆದು ಚೀಲಕ್ಕೆ ತುಂಬುತ್ತಿದ್ದರು. ಮೆಟ್ಟು ಹಾಕಿಕೊಂಡು ಕಣಕ್ಕೆ ಕಾಲಿಡಬಾರದೆಂದು ಅವನು ಓದಿದ್ದ. ಹೊರಗೇ ಬಿಟ್ಟು ಬಂದ. ರಾಶಿ ಅಳೆದು ಮುಗಿಯುವ ತನಕ ಊರಿನವರು ಯಾರೂ ಅಲ್ಲಿ ತುಟಿ ಬಿಚ್ಚಬಾರದು, ಬಿಚ್ಚಿದರೆ ರಾಶಿಯ ಹುಲುಸು ಹೋಗುತ್ತದೆ ಎಂಬುದನ್ನು ಅವನು ಓದಿರಲಿಲ್ಲ. ಓದಿದವರ ಪಾಡೇ ಹೀಗೆ, ಅರ್ಧ ಗೊತ್ತಿರುತ್ತದೆ.

ಅವನು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ. ಬೇಲಿ ಎಲ್ಲಿಂದ ಎಲ್ಲಿಗೆ, ಎಷ್ಟು ವರ್ಷ, ಯಾವ ಮರ. ಕೊನೆಗೆ, "ಬೇಡ ಅನ್ನುವವರು ಈಗಲೇ ಹೇಳಿಬಿಡಿ" ಎಂದ.

ಕಣದ ಅಂಚಿನಲ್ಲಿ ಒಬ್ಬ ಕುರಿಗಾಹಿ ನಿಂತಿದ್ದ. ಬೇಸಿಗೆಯಲ್ಲಿ ಅವನು ರೈತರ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಅದಕ್ಕಾಗಿ ರೈತರು ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು. ಊರಿನ ಹೊಲಗಳಿಗೆ ಬೇರೆ ಗೊಬ್ಬರವಿರಲಿಲ್ಲ. ಅವನ ಕುರಿಗಳಿಗೆ ಗೋಮಾಳ ಬಿಟ್ಟು ಬೇರೆ ಹುಲ್ಲಿರಲಿಲ್ಲ. ಅವನು ಬಾಯಿ ತೆರೆದ. ಅಳೆಯುತ್ತಿದ್ದ ರೈತ ತಲೆಯೆತ್ತಿ ನೋಡಿದ. ತನ್ನ ಒಂದು ಮಾತಿನಿಂದ ಇಡೀ ಊರಿನ ವರ್ಷದ ಅನ್ನ ಕರಗಿಹೋದೀತೆಂದು ಹೆದರಿ ಕುರಿಗಾಹಿ ಬಾಯಿ ಮುಚ್ಚಿಕೊಂಡ. ಸ್ವಲ್ಪ ತಡೆಯಿರಿ ಎಂದು ಕೈ ಮಾತ್ರ ಎತ್ತಿದ. ವಿದ್ವಾಂಸ ಆಗಲೇ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಎಲ್ಲರೂ ಒಪ್ಪಿದರು ಎಂದು ಬರೆದ. ಸಂಜೆಯೊಳಗೆ ಇನ್ನೊಂದು ಊರು ಮುಟ್ಟಬೇಕಿದ್ದರಿಂದ ಕೈ ಮುಗಿದು ಹೊರಟೇಬಿಟ್ಟ.

ರಾಶಿ ಮುಗಿದ ಕೂಡಲೇ ಊರಿನವರು ದಾರಿಗೆ ಓಡಿ ಬಂದರು. ಅವನು ಕಾಣಲಿಲ್ಲ. ಮತ್ತೆ ಬಂದೇ ಬರುತ್ತಾನೆ, ಆಗ ಹೇಳಿದರಾಯಿತು ಎಂದುಕೊಂಡರು. ಅವನು ಬರಲಿಲ್ಲ. ಬೇಲಿ ಹಾಕುವವರು ಬಂದರು. ಊರಿನವರು ಅಡ್ಡ ನಿಂತಾಗ, ನೀವೇ ಒಪ್ಪಿದ್ದೀರಲ್ಲ ಎಂದು ಅವನ ಬರಹವನ್ನು ಓದಿ ಹೇಳಿದರು.

ಕಾಡು ಚೆನ್ನಾಗಿಯೇ ಬೆಳೆಯಿತು. ಅದನ್ನು ಹೇಳದಿದ್ದರೆ ಕತೆಗೆ ಮೋಸ ಮಾಡಿದಂತಾಗುತ್ತದೆ. ಕುರಿಗಾಹಿ ಮೇವು ಹುಡುಕಿಕೊಂಡು ಮಂದೆಯನ್ನು ಪರಸ್ಥಳಕ್ಕೆ ಹೊಡೆದ. ಕುರಿಗಳು ದಾರಿಯುದ್ದಕ್ಕೂ ಒಂದೊಂದಾಗಿ ಬಿದ್ದವು. ಜೊತೆಗೆ ಹೋಗಿದ್ದ ಹೆಂಡತಿ ಯಾವುದೋ ಊರಿನಲ್ಲಿ ಜ್ವರ ಬಂದು ಸತ್ತಳು. ಇತ್ತ ಗೊಬ್ಬರ ಕಾಣದ ಹೊಲಗಳು ಮೂರು ವರ್ಷ ಹೇಗೋ ಬೆಳೆ ಕೊಟ್ಟವು. ನಾಲ್ಕನೆಯ ವರ್ಷ, ಮಳೆ ಎಂದಿನಂತೆ ಬಂದರೂ, ಬಿತ್ತಿದಷ್ಟೂ ಮರಳಿ ಬರಲಿಲ್ಲ. ಒಂದೊಂದೇ ಮನೆಗೆ ಬೀಗ ಬಿತ್ತು.

ಏಳು ವರ್ಷದ ಮೇಲೆ ವಿದ್ವಾಂಸ ತನ್ನ ಕಾಡು ನೋಡಲು ಬಂದ. ನೋಡಿ ಹಿಗ್ಗಿದ. ಆಮೇಲೆ ಊರೊಳಗೆ ಹೋದ. ಕಣದಲ್ಲಿ ಕಳೆ ಬೆಳೆದಿತ್ತು. ಮಂದೆ ಕಳೆದುಕೊಂಡು ಮರಳಿದ್ದ ಕುರಿಗಾಹಿ ಅಲ್ಲಿ ಒಬ್ಬನೇ ಕುಳಿತಿದ್ದ. ನಡೆದದ್ದನ್ನೆಲ್ಲ ವಿದ್ವಾಂಸ ಅವನ ಬಾಯಿಂದ ಕೇಳಿದ.

"ಅವತ್ತು ಒಂದು ಮಾತು ಹೇಳಬಾರದಿತ್ತೇನಯ್ಯಾ?" ಎಂದು ಅತ್ತ.

"ರಾಶಿ ಮುಗಿಯೋ ತನಕ ಕುಂತಿದ್ರೆ ಹೇಳ್ತಿದ್ವಿ ಸ್ವಾಮಿ. ಇನ್ನು ನಾಕೇ ನಾಕು ಚೀಲ ಇತ್ತು" ಎಂದ ಕುರಿಗಾಹಿ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರನಿಗೆ ವಿದ್ವಾಂಸನ ಮೇಲೆ ಕೆಟ್ಟ ಕೋಪ ಬಂದಿತ್ತು. ನಾಲ್ಕು ಚೀಲ ತುಂಬುವಷ್ಟು ಹೊತ್ತು ಕಾಯಲಾರದವನು ಊರಿಗೆ ಹೋಗಲೇಬಾರದಿತ್ತು ಎಂದ.

"ನೀನು ಹೋದಾಗ ಆ ನಲವತ್ತು ಮನೆಯವರು ಏನು ಮಾಡುತ್ತಿದ್ದರು?" ಎಂದು ಗುರುಗಳು ಕೇಳಿದರು.

ಈರಭದ್ರನಿಗೆ ಒಂದು ಮನೆಯೂ ನೆನಪಿಗೆ ಬರಲಿಲ್ಲ.