ಎಡಗಡೆಯ ಚಕ್ರ

"ಗುರುಗಳೇ, ತುಕ್ಕು ಹಿಡಿದ ಮನಸ್ಸನ್ನ ಬಿಚ್ಚೋದು ಹೇಗೆ?"

ಪ್ರಶ್ನೆ ಕೇಳಿದವನು ಚೆನ್ನವೀರಯ್ಯ. ಮಠದ ಹಳೆಯ ಶಿಷ್ಯ. ಊರಿನ ನ್ಯಾಯ ಪಂಚಾಯಿತಿಯಲ್ಲಿ ನಾಲ್ಕು ಜನ ಅವನ ಮಾತು ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಅವನ ಮಗಳು ಸರ್ವಮಂಗಳ ಗಂಡನ ಮನೆಯಿಂದ ಬಂದು ಐದು ತಿಂಗಳಾಗಿತ್ತು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಂದೆಯ ಪಂಚೆಯನ್ನೂ ಒಗೆದು ಹಾಕುತ್ತಿದ್ದಳು. ಆದರೆ ತಂದೆಯ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ.

"ನಾನು ಮಾಡದೇ ಇರೋದು ಏನೂ ಉಳಿದಿಲ್ಲ" ಎಂದ ಚೆನ್ನವೀರಯ್ಯ. "ಅವಳು ಚೀಲ ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಂತಾಗಲೇ ಬುದ್ಧಿ ಹೇಳ್ದೆ. 'ಅಪ್ಪಾ' ಅಂತ ಏನೋ ಶುರು ಮಾಡಿದ್ಲು. ಮೊದಲು ನಾನು ಹೇಳೋದು ಕೇಳು ಅಂದೆ. ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಹೋಗುತ್ತೆ, ಹೊಂದ್ಕೊಂಡು ಹೋಗ್ಬೇಕು ಅಂದೆ. ಆಮೇಲೆ ಅವಳ ಸೋದರಮಾವನ ಕೈಲಿ ಹೇಳಿಸ್ದೆ. ಅಳಿಯನ್ನೇ ಕರೆಸಿ ಎದುರಿಗೆ ಕೂರಿಸ್ದೆ. ಏನು ಮಾಡಿದ್ರೂ ಬಾಯಿ ಬಿಡಲ್ಲ. ಇನ್ನೂ ಎಷ್ಟು ಬಲ ಹಾಕ್ಬೇಕೋ ತಿಳೀತಿಲ್ಲ."

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹಳೆಯ ಕಾರುಗಳ ತುಕ್ಕು ಹಿಡಿದ ನಟ್ಟು ಬೋಲ್ಟು ಬಿಚ್ಚುವುದರಲ್ಲಿ ಅವನದು ಎತ್ತಿದ ಕೈ. ಬೇರೆ ಗ್ಯಾರೇಜಿನವರು ಕೈಚೆಲ್ಲಿದ ಕಾರುಗಳು ಅವನ ಶೆಡ್ಡಿಗೆ ಬರುತ್ತಿದ್ದವು.

ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಮೊದಲು ತಂತಿ ಬ್ರಷ್ಷಿನಿಂದ ಉಜ್ಜುವನು. ಎಣ್ಣೆ ಬಿಟ್ಟು ಒಂದು ದಿನ ಅದರ ತಂಟೆಗೆ ಹೋಗನು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಣ್ಣೆ ಒಳಗಿಳಿಯಲು ದಾರಿ ಮಾಡುವನು. ಅದಕ್ಕೂ ಬಗ್ಗದಿದ್ದರೆ ಬೆಂಕಿ ಹಿಡಿದು ಕಾಯಿಸುವನು. ಕೊನೆಗೆ ಸ್ಪ್ಯಾನರ್ ಹಾಕಿದಾಗಲೂ ಒಮ್ಮೆಲೇ ಬಿಚ್ಚುವ ಕಡೆಗೆ ತಿರುಗಿಸುತ್ತಿರಲಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವನು. ತುಕ್ಕು ಪಟ್ಟು ಸಡಿಲಿಸುವುದು ಆಗಲೇ. ಆಮೇಲೆ ಬಿಚ್ಚುವನು. ಕಬ್ಬಿಣದ ಜೊತೆ ಅಷ್ಟು ತಾಳ್ಮೆ ಇದ್ದವನನ್ನು ಆ ಸುತ್ತಮುತ್ತ ಯಾರೂ ಕಂಡಿರಲಿಲ್ಲ.

ಆದರೆ ಕಾರಿನ ಮಾಲೀಕರ ಜೊತೆ ಅವನಿಗೆ ಆ ತಾಳ್ಮೆ ಇರಲಿಲ್ಲ. ಅದಕ್ಕೆ ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಕಾರು ತಂದವರೆಲ್ಲ ಪಕ್ಕದಲ್ಲಿ ನಿಂತು ಹಾಗೆ ಮಾಡು, ಹೀಗೆ ಮಾಡು ಎಂದು ಅವನ ತಲೆ ತಿನ್ನುತ್ತಿದ್ದರು. ಸ್ಟೆಪ್ನಿ ಬದಲಿಸಲು ಬಾರದವನೂ ಎಂಜಿನ್ ವಿಷಯ ಪಾಠ ಹೇಳುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅವನು ಒಂದು ಕಟ್ಟಳೆ ಮಾಡಿಕೊಂಡಿದ್ದ. ಕಾರು ಶೆಡ್ಡಿನ ಒಳಗೆ, ಮಾಲೀಕ ಗೇಟಿನ ಹೊರಗೆ.

ಒಂದು ದಿನ ಒಬ್ಬ ಮುದುಕ ಡ್ರೈವರ್ ಒಂದು ಹಳೆಯ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದ. ಮೂವತ್ತು ವರ್ಷ ಆ ಕಾರನ್ನು ಅವನು ಒಬ್ಬ ಸಾಹುಕಾರನಿಗಾಗಿ ಓಡಿಸಿದ್ದ. ಸಾಹುಕಾರ ತೀರಿಕೊಂಡ ಮೇಲೆ ಮನೆಯವರು ಕಾರನ್ನು ಅವನಿಗೇ ಕೊಟ್ಟುಬಿಟ್ಟಿದ್ದರು. ಅದೇ ಹೊತ್ತಿಗೆ ಅದು ಕೆಟ್ಟು, ಎಂಟು ವರ್ಷ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ನಿಂತಿತ್ತು.

ಅದನ್ನು ಈಗ ಎಬ್ಬಿಸಲು ಒಂದು ಕಾರಣವಿತ್ತು. ಡ್ರೈವರನ ಹೆಂಡತಿಗೆ ಕಾಯಿಲೆ ಬಲಿತಿತ್ತು. ಮೂವತ್ತು ವರ್ಷವೂ ಆಕೆ ಕಾರು ಒರೆಸುವ ಬಟ್ಟೆಗಳನ್ನು ಒಗೆದಿದ್ದಳು, ಆದರೆ ಕಾರಿನೊಳಗೆ ಒಂದು ದಿನವೂ ಕೂತಿರಲಿಲ್ಲ. ಧಣಿಯ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಳ್ಳುವುದು ಡ್ರೈವರನಿಗೆ ಸರಿ ಕಂಡಿರಲಿಲ್ಲ. ಆಕೆಯೂ ಕೇಳಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಕೇಳಿದಳು. ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತು ಒಂದು ಸಲ ತವರೂರಿಗೆ ಹೋಗಿಬರಬೇಕು. ಹತ್ತು ಮೈಲಿ ದಾರಿ. ಬೇರೆ ಗಾಡಿ ಮಾಡಿಕೊಂಡು ಹೋಗಬಹುದಿತ್ತು. ಆದರೆ ಆಕೆಗೆ ಬೇಕಾದದ್ದು ಆ ಕಾರಿನ ಆ ಸೀಟು.

ಇದನ್ನೆಲ್ಲ ಕೇಳಿ ಮೆಕ್ಯಾನಿಕ್ ಕರಗಿದ. ಕೈಲಿದ್ದ ಬೇರೆ ಕೆಲಸ ಪಕ್ಕಕ್ಕಿಟ್ಟು ಅಂದೇ ಈ ಕಾರಿಗೆ ಕೈ ಹಚ್ಚಿದ. ಹೊರಡುವ ಮುಂಚೆ ಡ್ರೈವರ್ ಗೇಟಿನ ಹತ್ತಿರ ನಿಂತು ತಿರುಗಿದ.

"ಮಗಾ, ಒಂದು ಮಾತು. ಎಡಗಡೆ ಚಕ್ರ ಇದಾವಲ್ಲ, ಅವು..."

"ಯಜಮಾನ್ರೇ, ಓಡಿಸೋದು ನಿಮಗೆ ಗೊತ್ತು. ಬಿಚ್ಚೋದು ನನಗೆ ಬಿಡಿ" ಎಂದು ಮೆಕ್ಯಾನಿಕ್ ನಕ್ಕ. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಡ್ರೈವರ್ ಮೂವತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದವನು. ಸುಮ್ಮನಿರು ಎಂದರೆ ಸುಮ್ಮನಿರುವುದು ಅವನಿಗೆ ಅಭ್ಯಾಸವಾಗಿತ್ತು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೊರಟುಹೋದ.

ನಾಲ್ಕು ದಿನದಲ್ಲಿ ಎಂಜಿನ್ ಉಸಿರಾಡಿತು. ಸೈಲೆನ್ಸರಿನ ಬೋಲ್ಟುಗಳು ಮಣ್ಣಿನ ಹೆಂಟೆಯಂತಾಗಿದ್ದವು. ಮೆಕ್ಯಾನಿಕ್ ಒಂದನ್ನೂ ಮುರಿಯದೆ ಬಿಚ್ಚಿದ. ಉಳಿದದ್ದು ಬ್ರೇಕು. ಅದಕ್ಕೆ ನಾಲ್ಕೂ ಚಕ್ರ ಇಳಿಸಬೇಕು. ಬಲಗಡೆಯ ಎರಡಕ್ಕೆ ವಿಪರೀತ ತುಕ್ಕು. ಉಜ್ಜಿ, ಎಣ್ಣೆ ಬಿಟ್ಟು, ಕಾಯಿಸಿ ಎರಡು ದಿನದಲ್ಲಿ ಅವನ್ನೂ ಇಳಿಸಿದ.

ಏಳನೆಯ ದಿನ ಎಡಗಡೆಗೆ ಬಂದ. ಮುಂದಿನ ಚಕ್ರದ ಎದುರು ಕೂತ. ಆ ಹೆಂಗಸು ಕೂರಬೇಕಾದ ಸೀಟಿನ ಕಡೆಯ ಚಕ್ರ ಅದೇ. ನಟ್ಟುಗಳ ಮೇಲೆ, ಬೋಲ್ಟಿನ ತುದಿಗಳ ಮೇಲೆ ಏನೋ ಕಪ್ಪಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬ್ರಷ್ ಹಾಕಿ ಉಜ್ಜುವುದು ಕ್ರಮ. ಆದರೆ ಅಂದು ಬೆಳಿಗ್ಗೆ ಡ್ರೈವರ್ ಗೇಟಿನ ಹೊರಗಿನಿಂದ, ಆಕೆ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ ಎಂದಿದ್ದ. ಮೆಕ್ಯಾನಿಕ್‌ಗೆ ಅವಸರವಾಯಿತು. ಆ ಅವಸರ ಹುಟ್ಟಿದ್ದು ಕರುಣೆಯಿಂದ. ಕರುಣೆಯಿದ್ದ ಮಾತ್ರಕ್ಕೆ ಕೆಲಸ ಕೆಡದೆ ಇರುವುದಿಲ್ಲ. ಅವನು ಉಜ್ಜುವುದನ್ನು ಬಿಟ್ಟು ನೇರವಾಗಿ ಎಣ್ಣೆ ಸುರಿದ.

ಎಂದಿನಂತೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಲು ಹೋದ. ನಟ್ಟು ಕಾಲು ಸುತ್ತು ಸಲೀಸಾಗಿ ತಿರುಗಿಬಿಟ್ಟಿತು. ಅವನಿಗೆ ಗಾಬರಿಯಾಯಿತು. ಬಿಗಿ ಮಾಡಿದರೆ ಇಷ್ಟು ಸಡಿಲವಾಗಿ ತಿರುಗುವ ನಟ್ಟನ್ನು ಅವನು ಕಂಡಿರಲಿಲ್ಲ. ಒಳಗೆ ತಿರುಪಿನ ಥ್ರೆಡ್ ಸವೆದಿರಬೇಕು, ಇನ್ನೂ ತಿರುಗಿಸಿದರೆ ಕಿತ್ತುಬರುತ್ತದೆ ಎಂದುಕೊಂಡ. ತಿರುಗಿಸಿದ್ದನ್ನು ಹಿಂದಕ್ಕೆ ತಂದು, ಬಿಚ್ಚುವ ಕಡೆಗೆ ಬಲ ಹಾಕಿದ. ನಟ್ಟು ಜಗ್ಗಲಿಲ್ಲ.

ಕಾಯಿಸಿದ. ಜಗ್ಗಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಅದರ ಮೇಲೆ ಹತ್ತಿ ನಿಂತ. ಬೋಲ್ಟು ಲಟಕ್ಕನೆ ಮುರಿಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನ ಕೈಯಲ್ಲಿ ಬೋಲ್ಟು ಮುರಿದು ಹನ್ನೆರಡು ವರ್ಷವಾಗಿತ್ತು. ಯಾಕೆ ಮುರಿಯಿತು ಎಂದು ಒಂದು ಗಳಿಗೆ ಕೂತು ಯೋಚಿಸಬಹುದಿತ್ತು. ಅವನು ತುಕ್ಕನ್ನು ಬೈದು ಎರಡನೆಯದಕ್ಕೆ ಸ್ಪ್ಯಾನರ್ ಹಾಕಿದ. ಅದೂ ಮುರಿಯಿತು. ಮೂರನೆಯದೂ ಮುರಿಯಿತು. ಒಳಗೆ ಉಳಿದ ತುಂಡನ್ನು ಹೊಡೆದು ತೆಗೆಯಲು ಹೋದಾಗ ಬೋಲ್ಟುಗಳನ್ನು ಹಿಡಿದಿದ್ದ ಹಬ್ ಬಿರುಕು ಬಿಟ್ಟಿತು. ಸುತ್ತಿಗೆ ಕೆಳಗಿಟ್ಟು ಎದ್ದು ಹೊರಗೆ ಬಂದ. ಗೇಟಿನಾಚೆ ಡ್ರೈವರ್ ನಿಂತಿದ್ದ.

ಅಂದು ಮೊದಲ ಸಲ ಮೆಕ್ಯಾನಿಕ್ ಗೇಟು ತೆರೆದು ಅವನನ್ನು ಒಳಗೆ ಕರೆದ. ಡ್ರೈವರ್ ಬಂದು ಮುರಿದ ತುಂಡುಗಳನ್ನು ನೋಡಿದ. ಹಿಂದಿನ ಚಕ್ರದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಟವೆಲ್ಲಿನ ತುದಿಯಿಂದ ಒಂದು ಬೋಲ್ಟಿನ ತುದಿಯನ್ನು ತಿಕ್ಕಿ ಒರೆಸಿದ. ಕಪ್ಪು ಹೋಗಿ ಅದರ ಮೇಲೆ ಕೊರೆದಿದ್ದ, ಎಡ ಎಂದು ತಿಳಿಸುವ 'L' ಗುರುತು ಕಂಡಿತು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು, ಲೋಕವೆಲ್ಲ ಬಿಗಿ ಮಾಡುವ ಕಡೆಗೆ ತನ್ನ ಬಡಕಲು ಕೈಯಿಂದ ಒಂದು ಸಲ ಒತ್ತಿದ. ನಟ್ಟು ಬಿಚ್ಚಿಕೊಂಡಿತು.

ಆ ಕಾಲದ ಕೆಲವು ಕಾರುಗಳಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್, ಎಂದರೆ ಎದುರು ದಿಕ್ಕಿಗೆ ತಿರುಗುವ ತಿರುಪು, ಇರುತ್ತಿತ್ತು. ಓಡುವಾಗ ತಾನಾಗಿ ಸಡಿಲವಾಗದಿರಲಿ ಎಂದು ಹಾಗೆ ಮಾಡುತ್ತಿದ್ದರು. ಮೆಕ್ಯಾನಿಕ್ ಕೆಲಸ ಕಲಿಯುವ ಹೊತ್ತಿಗೆ ಅಂಥ ಕಾರುಗಳು ರಸ್ತೆ ಬಿಟ್ಟಿದ್ದವು. ಆದರೆ ಸೈಕಲ್ಲಿನ ಎಡಗಡೆ ಪೆಡಲ್ ಉಲ್ಟಾ ಎಂಬುದು ಅವನಿಗೆ ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ. ಅವನು ಆ ಚಕ್ರವನ್ನು ಇಡೀ ದಿನ ಬಿಗಿ ಮಾಡುತ್ತ ಕೂತಿದ್ದ. ಮೇಲೆ ಮೆತ್ತಿದ್ದು ತುಕ್ಕೂ ಅಲ್ಲ. ಕಾರು ನಿಲ್ಲುವ ಮುಂಚೆ ಡ್ರೈವರ್ ಆ ಎರಡು ಚಕ್ರಗಳನ್ನು ಬಿಚ್ಚಿ, ಮುಂದೆ ಬಿಚ್ಚುವವರಿಗೆ ಕಷ್ಟವಾಗದಿರಲಿ ಎಂದು ಗ್ರೀಸ್ ಹಚ್ಚಿ ಕೂರಿಸಿದ್ದ. ಅದು ಧೂಳು ಕುಡಿದು ಒಣಗಿತ್ತು, ಅಷ್ಟೆ.

ಅಷ್ಟು ಹಳೆಯ ಕಾರಿನ ಹಬ್ ಎಲ್ಲೂ ಸಿಗಲಿಲ್ಲ. ಮೆಕ್ಯಾನಿಕ್ ಮೂರು ಪಟ್ಟಣ ಸುತ್ತಿದ. ಕೊನೆಗೆ ದೂರದ ಒಂದು ಲೇತ್ ಅಂಗಡಿಯವನು ಮಾಡಿಕೊಡಲು ಒಪ್ಪಿದ, ಇಪ್ಪತ್ತು ದಿನ ಬೇಕೆಂದ. ಮೆಕ್ಯಾನಿಕ್ ಅಲ್ಲೇ ಬೀಡುಬಿಟ್ಟು, ಕಾಡಿ ಬೇಡಿ ಹದಿನೆಂಟನೆಯ ದಿನಕ್ಕೆ ತಂದ. ಆಕೆ ಹದಿನಾರನೆಯ ದಿನ ತೀರಿಕೊಂಡಿದ್ದಳು.

ಕರ್ಮಾಂತರ ಕಳೆದು ಡ್ರೈವರ್ ಕಾರು ತೆಗೆದುಕೊಳ್ಳಲು ಬಂದ. ಮೆಕ್ಯಾನಿಕ್ ಕಾರನ್ನು ತಾನೇ ತೊಳೆದು, ಒರೆಸಿ ನಿಲ್ಲಿಸಿದ್ದ. ಮುದುಕ ಬೈದಿದ್ದರೆ, ಒಂದೇಟು ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡ್ರೈವರ್ ಎಡಗಡೆಯ ಮುಂದಿನ ಬಾಗಿಲು ತೆರೆದ. ಯಾರೋ ಹತ್ತಿ ಕೂರುವಷ್ಟು ಹೊತ್ತು ಹಿಡಿದುಕೊಂಡು ನಿಂತ. ಮೆಲ್ಲಗೆ ಮುಚ್ಚಿದ. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದ.

"ನಿನ್ನೊಬ್ಬನದೇ ತಪ್ಪಲ್ಲ ಕಣಪ್ಪ. ನಾನೂ ಎರಡನೇ ಸಲ ಹೇಳ್ಬೇಕಾಗಿತ್ತು."

ಅಷ್ಟು ಹೇಳಿ ಕಾರು ಹತ್ತಿ ಹೊರಟುಹೋದ. ತವರೂರಿನ ದಾರಿ ಹಿಡಿದನೋ, ಮನೆಯ ದಾರಿ ಹಿಡಿದನೋ ಮೆಕ್ಯಾನಿಕ್‌ಗೆ ಗೊತ್ತಾಗಲಿಲ್ಲ. ಅವನು ನೆಲ ನೋಡುತ್ತಿದ್ದ.

ಆಮೇಲೆ ಅವನು ಗೇಟು ಕಿತ್ತುಹಾಕಿದ. ಕಾರು ತಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಲಸಕ್ಕೆ ಬಾರದ ಮಾತಾದರೂ ಸರಿ, ಪೂರ್ತಿ ಕೇಳಿದ ಮೇಲೆಯೇ ಸ್ಪ್ಯಾನರ್ ಮುಟ್ಟುತ್ತಿದ್ದ. ಅದರಿಂದ ಎಷ್ಟೋ ಕಾರುಗಳಿಗೆ ಒಳ್ಳೆಯದಾಯಿತು. ಆ ಹೆಂಗಸಿಗೆ ಮಾತ್ರ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಕತೆ ಮುಗಿಯಿತು. ಚೆನ್ನವೀರಯ್ಯ ಏನೋ ಹೊಳೆದವನಂತೆ ತಲೆಯೆತ್ತಿದ.

"ತಿಳೀತು ಗುರುಗಳೇ. ನಾನೂ ಉಲ್ಟಾ ಕಡೆಗೇ ತಿರುಗಿಸ್ತಿದ್ದೆ. ಇವತ್ತೇ ಮನೆಗೆ ಹೋಗಿ ಹೇಳ್ತೀನಿ. ಗಂಡನ ಮನೆಗೆ ಹೋಗೋದೇ ಬೇಡ, ಇಲ್ಲೇ ಇರು ಅಂತೀನಿ. ಅವಳಿಗೆ ಅದೇ ತಾನೇ ಬೇಕಾಗಿರೋದು?"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಬಾಗಿಲಲ್ಲಿ ನಿಂತು 'ಅಪ್ಪಾ' ಅಂದಳಲ್ಲ, ಅದರ ಮುಂದಿನ ಮಾತು ಏನಿತ್ತು, ಚೆನ್ನವೀರಯ್ಯ?"